ಮೂವತ್ತೆಂಟು ಲಕ್ಷ ಬೆನ್ನುಗಳು

ಮೂವತ್ತೆಂಟು ಲಕ್ಷ ಜನರ ಬೆನ್ನುನೋವನ್ನು ಸೊನ್ನೆಪ್ಪ ಒಂದೇ ಮಧ್ಯಾಹ್ನದಲ್ಲಿ, ಊಟಕ್ಕೂ ಚಹಾಕ್ಕೂ ನಡುವಿನ ಬಿಡುವಿನಲ್ಲಿ, ಕುರ್ಚಿಯಿಂದ ಏಳದೆ ವಾಸಿಮಾಡಿದ. ಅವರಲ್ಲಿ ಹನ್ನೊಂದು ಲಕ್ಷ ಜನ ಹಾಸಿಗೆ ಹಿಡಿದವರು. ಅವರು ಎದ್ದು ಕೂತದ್ದಷ್ಟೇ ಅಲ್ಲ, ಮುಖ ತೊಳೆದು ಕೆಲಸಕ್ಕೂ ಹೊರಟರು. ನಾಲ್ಕು ಗಂಟೆಯ ಹೊತ್ತಿಗೆ ದೇಶದ ವರಮಾನ ನೂರಕ್ಕೆ ಒಂದೂವರೆಯಷ್ಟು ಏರಿತ್ತು. ಇನ್ನೂ ಏರುವುದಿತ್ತು, ಅಷ್ಟರಲ್ಲಿ ಚಹಾ ಬಂತು, ಸೊನ್ನೆಪ್ಪ ಪೆನ್ನು ಕೆಳಗಿಟ್ಟ.

ಅವನು ವೈದ್ಯನಲ್ಲ, ಮಾಂತ್ರಿಕನೂ ಅಲ್ಲ. ಸರ್ಕಾರದ ಹಣದಲ್ಲಿ ನಡೆಯುವ ಒಂದು ಸಂಶೋಧನಾ ಸಂಸ್ಥೆಯಲ್ಲಿ ವರದಿ ಬರೆಯುವವನು. ಅಲ್ಲಿ ಹದಿನಾಲ್ಕು ಪ್ರಯೋಗಾಲಯಗಳಿದ್ದವು. ಒಂದರಲ್ಲಿ ಅಂಟಿನ ಮೇಲೆ ಕೆಲಸ, ಒಂದರಲ್ಲಿ ತುಕ್ಕಿನ ಮೇಲೆ, ಮತ್ತೊಂದರಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಜಾತಿಯ ಇರುವೆಯ ಮೇಲೆ. ಹಣ ಕೊಡುವ ಮಂಡಳಿಯವರು ಮೂರು ವರ್ಷಕ್ಕೊಮ್ಮೆ ಒಂದೇ ಪ್ರಶ್ನೆ ಕಳಿಸುತ್ತಿದ್ದರು: ಜನರ ದುಡ್ಡು ಖರ್ಚಾಯಿತಲ್ಲ, ಅದರಿಂದ ಜನರಿಗೆ ಏನಾಯಿತು? ಪ್ರಶ್ನೆ ಓದಿದೊಡನೆ ವಿಜ್ಞಾನಿಗಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇರುವೆಯವರಂತೂ ಒಂದು ವಾರ ರಜೆ ಹಾಕುತ್ತಿದ್ದರು. ಉತ್ತರ ಬರೆಯುವ ಕೆಲಸ ಸೊನ್ನೆಪ್ಪನ ಪಾಲಿಗೆ ಬರುತ್ತಿತ್ತು.

ಸೊನ್ನೆಪ್ಪ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಯಾವ ಅಂಕಿ ಕಂಡರೂ ಪಕ್ಕದಲ್ಲಿ ಒಂದು ಸೊನ್ನೆ ಕೂರಿಸದೆ ಇರುವುದು ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಅವನ ಪ್ರಕಾರ ಅದು ಸುಳ್ಳಲ್ಲ, ವಿಧಾನ. ಒಬ್ಬನಿಗೆ ಲಾಭವಾದರೆ ಅವನ ಹೆಂಡತಿಗೂ ಆಯಿತು, ಇಬ್ಬರು ಮಕ್ಕಳಿಗೂ ಆಯಿತು. ಮನೆಯಲ್ಲಿ ಅತ್ತೆ ಇದ್ದರೆ ಅವಳಿಗೆ ಎರಡು ಪಾಲು, ಏಕೆಂದರೆ ಯಾರ ನರಳಾಟ ನಿಂತರೂ ಮೊದಲು ನೆಮ್ಮದಿಯಾಗುವುದು ಅವಳ ಕಿವಿಗೆ. ಹಿಂದಿನ ಸಲ ಇರುವೆಯ ಸಂಶೋಧನೆಯಿಂದ ದೇಶದ ಅರ್ಧ ಸಕ್ಕರೆ ಉಳಿಯಿತೆಂದು ಬರೆದಿದ್ದ. ಇರುವೆಯವರು ಗಾಬರಿಯಿಂದ ಓಡಿಬಂದು, “ಸ್ವಾಮಿ, ನಾವು ನೋಡ್ತಿರೋ ಇರುವೆ ಸಕ್ಕರೆ ತಿನ್ನೋದೇ ಇಲ್ಲ,” ಎಂದರು.

“ಅದಕ್ಕೇ ಉಳೀತು,” ಎಂದ ಸೊನ್ನೆಪ್ಪ.

ಮಂಡಳಿ ಅದನ್ನೂ ನಂಬಿತು, ಅಥವಾ ಓದಲಿಲ್ಲ. ಎರಡೂ ಒಂದೇ ಎಂದು ಸೊನ್ನೆಪ್ಪ ತಿಳಿದಿದ್ದ.

ಈ ವರ್ಷದ ಪತ್ರದಲ್ಲಿ ಮಾತ್ರ ಒಂದು ಸಾಲು ಹೆಚ್ಚಿಗೆ ಇತ್ತು. ಹದಿನಾಲ್ಕರಲ್ಲಿ ಒಂದನ್ನು ಮುಚ್ಚಬೇಕು. ಮುಚ್ಚಬಹುದಾದವುಗಳ ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ಬೆನ್ನಿನ ಪ್ರಯೋಗಾಲಯ.

ಅದು ಪಡಸಾಲೆಯ ಕೊನೆಯ ಎರಡು ಕೋಣೆ. ಒಂದರಲ್ಲಿ ಹಳೆಯ ಹೊಲಿಗೆ ಯಂತ್ರಗಳು, ಇನ್ನೊಂದರಲ್ಲಿ ಸ್ಟೂಲುಗಳು. ಎತ್ತರದವು, ಕುಳ್ಳನೆಯವು, ಮೂರು ಕಾಲಿನವು. ಹನ್ನೆರಡು ವರ್ಷದಿಂದ ಅಲ್ಲಿದ್ದವರು ಬೆನ್ನಿನ ಡಾಕ್ಟರಮ್ಮ. ಔಷಧ ಕೊಡುವ ಡಾಕ್ಟರಲ್ಲ. ದಿನಕ್ಕೆ ಹತ್ತು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸರ ಬೆನ್ನು ಯಾಕೆ ಹಿಡಿದುಕೊಳ್ಳುತ್ತದೆ, ಹೇಗೆ ಕೂತರೆ ಹಿಡಿಯುವುದಿಲ್ಲ ಎಂದು ಅಳೆದು ನೋಡುವವರು. ಮಾತು ಕಡಿಮೆ. ಸೊನ್ನೆಪ್ಪ ವರದಿಗೆ ವಿವರ ಕೇಳಿದಾಗ ತಮ್ಮ ಕೈಯಿಂದಲೇ ಬರೆದ ನಾಲ್ಕು ಪುಟ ತಂದುಕೊಟ್ಟರು.

ಸೊನ್ನೆಪ್ಪ ಓದಿದ. ಓದುತ್ತಾ ಓದುತ್ತಾ ಅವನ ಹುಬ್ಬು ಹಣೆ ದಾಟಿ ನೆತ್ತಿಗೆ ಹೋಯಿತು.

“ಡಾಕ್ಟರಮ್ಮ, ಇದು ವರದಿ ಅಲ್ಲ, ತಪ್ಪೊಪ್ಪಿಗೆ.”

“ಇದ್ದದ್ದು ಇದ್ದ ಹಾಗೆ ಬರೆದಿದ್ದೀನಿ.”

“ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ. ಗಾದೆ ಕೇಳಿಲ್ವಾ ನೀವು?”

“ಕೇಳಿದ್ದೀನಿ. ಅಳೆದು ನೋಡಿಲ್ಲ.”

ಮೊದಲ ಪುಟದಲ್ಲಿ ಉದ್ದೇಶ, ಕೊನೆಯ ಪುಟದಲ್ಲಿ ಅಳತೆಗಳು. ಎರಡನೆಯ ಪುಟದಲ್ಲಿ, ಪ್ರಯೋಗಾಲಯ ರೂಪಿಸಿದ ನೀಲಿ ಸ್ಟೂಲನ್ನು ಒಂದು ಕಾರ್ಖಾನೆ ತಯಾರಿಸಿತು, ಹತ್ತೊಂಬತ್ತು ಮಾರಾಟವಾದವು, ಪ್ಲಾಸ್ಟಿಕ್ಕಿನ ಇಳಿಜಾರು ಸೀಟು ಜಾರುತ್ತದೆಂದು ಜನ ಬೇಡವೆಂದರು ಎಂದಿತ್ತು. ಮೂರನೆಯ ಪುಟ ಇನ್ನೂ ಅಧ್ವಾನ. ಪ್ರಯೋಗದ ದಿನಗಳಲ್ಲಿ ಹೊಲಿಗೆಯವರ ಹಳೆಯ ಮರದ ಸ್ಟೂಲುಗಳ ಹಿಂದಿನ ಕಾಲಿನ ಕೆಳಗೆ ಬೇರೆ ಬೇರೆ ದಪ್ಪದ ಮರದ ತುಂಡು ಇಟ್ಟು ನೋಡಿದ್ದರಂತೆ. ಎರಡು ಬೆರಳು ದಪ್ಪದ್ದು ಇಟ್ಟಾಗ ನೋವು ಕಡಿಮೆ ಎಂದು ತಿಳಿಯಿತಂತೆ. ಕೊನೆಯ ಸಾಲುಗಳು ಹೀಗಿದ್ದವು: ‘ತುಂಡುಗಳನ್ನು ಕೆಲಸದವರು ಹಿಂದಿರುಗಿಸಲಿಲ್ಲ. ಈಗಲೂ ಬಳಸುತ್ತಿರಬಹುದು. ಎಷ್ಟು ಜನ ಎಂಬುದು ಗೊತ್ತಿಲ್ಲ. ಎಣಿಸಲು ಹಣ ಕೇಳಿದ್ದೆವು, ಸಿಗಲಿಲ್ಲ.’

ಅಂಕಿ ಒಂದಾದರೂ ಇದ್ದಿದ್ದರೆ ಸೊನ್ನೆಪ್ಪ ಅದನ್ನು ಸಾಕಿ ಸಲಹಿ ದೊಡ್ಡದು ಮಾಡುತ್ತಿದ್ದ. ‘ಗೊತ್ತಿಲ್ಲ’ ಎಂಬುದರ ಪಕ್ಕದಲ್ಲಿ ಸೊನ್ನೆ ಹಾಕುವ ವಿದ್ಯೆ ಅವನಿಗೂ ತಿಳಿದಿರಲಿಲ್ಲ. ಅಲ್ಲದೆ ಹನ್ನೆರಡು ವರ್ಷದ ಖರ್ಚಿಗೆ ಉತ್ತರವಾಗಿ ಮರದ ತುಂಡು ತೋರಿಸಿದರೆ, ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದಿಲ್ಲವೇ ಮಂಡಳಿಯವರು? ಅವನು ಮೂರನೆಯ ಪುಟವನ್ನು ಬೇರೆ ತೆಗೆದು ತನ್ನ ಮೇಜಿನ ಡ್ರಾಯರಿನಲ್ಲಿ ಹಾಕಿದ. ಹತ್ತೊಂಬತ್ತನ್ನು ಕೈಗೆತ್ತಿಕೊಂಡ. ಹತ್ತೊಂಬತ್ತು ಸ್ಟೂಲು, ಎರಡು ಪಾಳಿ, ಒಂದೊಂದು ಸ್ಟೂಲನ್ನು ನೋಡಿ ನಕಲು ಮಾಡಿಸಿಕೊಂಡವರು ನೂರು, ಅವರನ್ನು ನೋಡಿ ಮಾಡಿಸಿಕೊಂಡವರು ಇನ್ನೂರು, ಅವರ ಮನೆಮಂದಿ ಐದು. ಮೂವತ್ತೆಂಟು ಲಕ್ಷ ಎಂದು ಬಂದಾಗ ಅವನಿಗೇ ಸ್ವಲ್ಪ ಸಂಕೋಚವಾಯಿತು. ಆದರೆ ಲೆಕ್ಕ ತಾಳೆಯಾಗಿತ್ತು.

ಎರಡು ದಿನದ ಮೇಲೆ ಡಾಕ್ಟರಮ್ಮ ಪಡಸಾಲೆಯಲ್ಲಿ ಅವನನ್ನು ತಡೆದು ಕೇಳಿದರು. “ಮೂರನೇ ಪುಟ ಹಾಕಿದ್ದೀರಾ? ಬೇರೆ ಏನು ಬಿಟ್ಟರೂ ಅದನ್ನ ಬಿಡಬೇಡಿ.”

“ಹಾಕದೆ ಇರ್ತೀನಾ?” ಎಂದ ಸೊನ್ನೆಪ್ಪ. “ಎಲ್ಲಾ ನನ್ನ ಮೇಲೆ ಬಿಡಿ. ನಿಮ್ಮ ಕೋಣೆಗೆ ಬೀಗ ಹಾಕೋ ಗಂಡು ಇನ್ನೂ ಹುಟ್ಟಿಲ್ಲ.”

ವರದಿಯ ಕೊನೆಗೆ ಒಂದು ನಮೂನೆ ತುಂಬಬೇಕಿತ್ತು: ಪ್ರಯೋಜನ ಪಡೆದ ಒಬ್ಬರ ಕೆಲಸದ ಸ್ಥಳ, ವಿಳಾಸ, ಅವರದೇ ಮಾತಿನಲ್ಲಿ ಅನುಭವ. ಮೂವತ್ತೆಂಟು ಲಕ್ಷದಲ್ಲಿ ಒಬ್ಬರ ವಿಳಾಸ. ಸೊನ್ನೆಪ್ಪನಿಗೆ ಗೊತ್ತಿದ್ದ ಹೊಲಿಗೆ ಕಾರ್ಖಾನೆ ಜಗತ್ತಿನಲ್ಲಿ ಒಂದೇ, ಅವನ ಅಣ್ಣನ ಹೆಂಡತಿ ಶರಟಿನ ಕಾಲರು ಹೊಲಿಯುತ್ತಿದ್ದ ಜಾಗ. ಆ ವಿಳಾಸವನ್ನೇ ಬರೆದ. ಅನುಭವದ ಜಾಗದಲ್ಲಿ ಬರೆದ: ‘ಈ ನೀಲಿ ಸ್ಟೂಲು ಬಂದ ಮೇಲೆ ನನ್ನ ಬೆನ್ನು ಹದಿನೆಂಟರ ಹುಡುಗಿಯ ಬೆನ್ನಿನಂತಾಗಿದೆ. ಸಂಸ್ಥೆಯನ್ನು ದಿನವೂ ನೆನೆಯುತ್ತೇನೆ.’ ಇಂಥ ನಮೂನೆಗಳನ್ನು ಇಷ್ಟು ವರ್ಷದಲ್ಲಿ ಒಬ್ಬರೂ ತಿರುಗಿಸಿ ನೋಡಿದ್ದಿಲ್ಲ.

ಆರು ವಾರದ ಮೇಲೆ ನಿರ್ದೇಶಕರು ಕರೆಸಿದರು.

“ನಿಮ್ಮ ವರದಿ ಮಂಡಳಿಯವರಿಗೆ ತುಂಬಾ ಹಿಡಿಸಿದೆಯಂತೆ. ಪರಿಶೀಲಕರು ನಾಳೆ ಬರ್ತಾರೆ, ನೋಡೋಕೆ.”

“ವರದಿನಾ, ಸರ್?”

“ಬೆನ್ನನ್ನ.”

ಸೊನ್ನೆಪ್ಪನ ರಕ್ತ ಅಂಗಾಲಿಗೆ ಇಳಿದು, ಅಲ್ಲಿಂದ ಬೂಟಿನ ಹೊರಗೆ ಹರಿದು ಹೋಯಿತು. ಆದರೂ ಮುಖದಲ್ಲಿ ನಗು ನಿಂತೇ ಇತ್ತು, ಅದು ಅಭ್ಯಾಸಬಲ.

ಸಂಜೆ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತಿದ್ದಳು. ಮೈದುನ ಬಿಸ್ಕತ್ತಿನ ಪೊಟ್ಟಣ ತಂದದ್ದು ನೋಡಿದೊಡನೆ ಅವಳಿಗೆ ಅನುಮಾನ ಬಂತು. ಹದಿನಾರು ವರ್ಷದಲ್ಲಿ ಅವನು ಬರಿಗೈಯಲ್ಲಿ ಬಂದು ಕೈ ತುಂಬಿಕೊಂಡು ಹೋದದ್ದೇ ಹೆಚ್ಚು.

“ಏನಾಗ್ಬೇಕು ಸಾಹೇಬ್ರಿಗೆ?”

“ಅತ್ತಿಗೆ, ನಾಳೆ ನಿಮ್ಮ ಕೆಲಸದ ಜಾಗಕ್ಕೆ ಒಬ್ಬರು ಬರ್ತಾರೆ. ಬೆನ್ನು ಹೇಗಿದೆ ಅಂತ ಕೇಳ್ತಾರೆ. ನೀಲಿ ಸ್ಟೂಲಿಂದ ವಾಸಿಯಾಯ್ತು ಅಂದ್ರೆ ಸಾಕು.”

“ಯಾವ ನೀಲಿ ಸ್ಟೂಲು?”

“ನಾಳೆ ಬೆಳಗ್ಗೆ ತರ್ತೀನಿ.”

ಅವನು ತುಂಬಿದ ನಮೂನೆಯ ನಕಲು ತೋರಿಸಿದ. ಅತ್ತಿಗೆ ಎರಡು ಸಲ ಓದಿದಳು.

“ಹದಿನೆಂಟರ ಹುಡುಗಿ ಬೆನ್ನಾ? ನಿಮ್ಮಣ್ಣಂಗೆ ತೋರಿಸ್ಬೇಕು ಇದನ್ನ. ಮದುವೆ ಆದಾಗಲೇ ನಂಗೆ ಇಪ್ಪತ್ತಮೂರು.”

“ತಮಾಷೆ ಬೇಡ ಅತ್ತಿಗೆ. ಪಾಪ, ಆ ಡಾಕ್ಟರಮ್ಮನ ಪ್ರಯೋಗಾಲಯ ಮುಚ್ಚಿಬಿಡ್ತಾರೆ.”

“ಮುಚ್ಚೋದು ಅವರ ಬಾಗಿಲನ್ನ, ಹುಳ್ಳಗಾಗಿರೋದು ನಿನ್ನ ಮುಖ. ಯಾಕೆ?” ಅವಳು ದಿಂಬಿನ ಚೀಲ ಕೊಡವಿ ಮಡಿಸಿದಳು. “ನೋಡಪ್ಪಾ, ನಾನು ಸುಳ್ಳು ಹೇಳಲ್ಲ ಅಂತಲ್ಲ. ನಿಮ್ಮಮ್ಮನ ಎದುರು ನಿನ್ನ ಹೊಗಳ್ತಿದ್ದೆ, ಅದಕ್ಕಿಂತ ದೊಡ್ಡದೇನಿದೆ. ಆದರೆ ಅವರು ಎರಡನೇ ಪ್ರಶ್ನೆ ಕೇಳಿದ್ರೆ ನಂಗೆ ಉತ್ತರ ಬರಲ್ಲ.”

“ಎರಡನೇ ಪ್ರಶ್ನೆ ಯಾರೂ ಕೇಳಲ್ಲ,” ಎಂದ ಸೊನ್ನೆಪ್ಪ. ಇಷ್ಟು ವರ್ಷದ ಅನುಭವದ ಮಾತು.

ಮರುದಿನ ಬೆಳಗ್ಗೆ ಆರಕ್ಕೇ ಅವನು ಸಂಸ್ಥೆಯ ಕ್ಯಾಂಟೀನಿನಿಂದ ನೀಲಿ ಸ್ಟೂಲುಗಳನ್ನು ತಳ್ಳುಗಾಡಿಯಲ್ಲಿ ಹೇರಿಸಿದ. ಮಾರಾಟವಾದ ಹತ್ತೊಂಬತ್ತರಲ್ಲಿ ಹನ್ನೊಂದನ್ನು ಸಂಸ್ಥೆಯೇ ಕೊಂಡಿತ್ತು. ಗಾಡಿ ಬೀದಿಯಲ್ಲಿ ಹೋಗುವಾಗ ಹನ್ನೊಂದು ಸ್ಟೂಲುಗಳ ನಲವತ್ತನಾಲ್ಕು ಕಾಲುಗಳು ಆಕಾಶಕ್ಕೆ ಚಾಚಿಕೊಂಡು, ಸತ್ತ ಪ್ರಾಣಿಗಳ ಮೆರವಣಿಗೆಯಂತೆ ಕಾಣುತ್ತಿತ್ತು.

ಹೊಲಿಗೆ ಕಾರ್ಖಾನೆ ಎಂದರೆ ಎರಡನೆಯ ಮಹಡಿಯಲ್ಲಿ ಉದ್ದನೆಯ ಒಂದು ಹಜಾರ. ಎರಡು ಸಾಲು ಯಂತ್ರ, ಒಟ್ಟು ಇಪ್ಪತ್ತಾರು. ಮೇಲೆ ಬಿಳಿ ಟ್ಯೂಬ್‌ಲೈಟು, ಕೆಳಗೆ ದಾರದ ಚೂರು, ಗಾಳಿಯಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ. ಕಾಲರಿನವರು ಕಿಟಕಿಯ ಕಡೆ, ತೋಳಿನವರು ಗೋಡೆಯ ಕಡೆ, ಕೊನೆಯಲ್ಲಿ ಕಾಜಾ ಹೊಲಿಯುವ ಮುದುಕಿ. ಎಲ್ಲರೂ ಅವಳನ್ನು ಕಾಜಾ ಅಜ್ಜಿ ಎನ್ನುತ್ತಿದ್ದರು. ಅವಳು ಶರಟಿಗೆ ಹಾಕಿದ ಕಾಜಾಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನವರೆಗೆ ಹೋಗಿ, ಗುಂಡಿ ಮರೆತು ವಾಪಸು ಬರಬಹುದಿತ್ತು.

ಸೊನ್ನೆಪ್ಪ ಅವಸರದಲ್ಲಿ, ಕೆಳಗೆ ಕಣ್ಣು ಹಾಯಿಸದೆ, ಮುಂದಿನ ಹನ್ನೊಂದು ಯಂತ್ರಗಳ ಹಳೆಯ ಸ್ಟೂಲುಗಳನ್ನು ಗೋಡೆಗೆ ಸರಿಸಿ, ನೀಲಿಯವನ್ನು ಇಟ್ಟ. ಕಾಲರಿನ ಹೆಂಗಸೊಬ್ಬಳು ಕೂತು, ಪೆಡಲು ಒತ್ತಿ, ಮೆಲ್ಲಗೆ ಮುಂದಕ್ಕೆ ಜಾರಿ, ಗಲ್ಲವನ್ನು ಯಂತ್ರದ ಮೇಲೆ ಊರಿದಳು.

“ಅಣ್ಣಾ, ಇದು ಸ್ಟೂಲಾ, ಜಾರುಬಂಡೆನಾ?”

“ಅಭ್ಯಾಸ ಆಗತ್ತೆ.”

“ಯಾವುದಕ್ಕೆ, ಬೀಳೋಕಾ?”

ಹತ್ತು ಗಂಟೆಗೆ ಎಂದಿದ್ದ ಪರಿಶೀಲಕರು ಎಂಟೂವರೆಗೇ ಮೆಟ್ಟಿಲು ಹತ್ತಿ ಬಂದರು. ಅರವತ್ತರ ಆಸುಪಾಸಿನ ಸಣ್ಣ ಆಳು, ಸಣ್ಣ ದನಿ, ಕೈಯಲ್ಲಿ ಸಣ್ಣ ಪುಸ್ತಕ. ಬಾಗಿಲಲ್ಲೇ ನಿಂತು ಎಲ್ಲರಿಗೂ ನಮಸ್ಕಾರ ಮಾಡಿದರು. ಆಮೇಲೆ ಸೊನ್ನೆಪ್ಪನ ಹತ್ತಿರ ಬಂದು, “ವರದಿ ಓದಿದೆ. ಮೂರು ಸಲ,” ಎಂದರು. ಸೊನ್ನೆಪ್ಪನ ಜೀವಮಾನದಲ್ಲಿ ಅಂಥ ಬೆದರಿಕೆಯನ್ನು ಅವನಿಗೆ ಯಾರೂ ಹಾಕಿರಲಿಲ್ಲ.

ಅವರು ಅತ್ತಿಗೆಯ ಹತ್ತಿರ ಹೋದರು. “ನಿಮ್ಮ ಬೆನ್ನು ಹೇಗಿದೆ, ತಾಯಿ?”

“ಚೆನ್ನಾಗಿದೆ, ಸರ್. ನೀಲಿ ಸ್ಟೂಲಿಂದ.”

“ಎಷ್ಟು ದಿನದಿಂದ ಕೂರ್ತಿದ್ದೀರಿ ಇದರ ಮೇಲೆ?”

ಅತ್ತಿಗೆ ಮೈದುನನ ಕಡೆ ನೋಡಿದಳು. ಎರಡನೆಯ ಪ್ರಶ್ನೆ ಬಂದಿತ್ತು.

“ಇವತ್ತು ಬೆಳಗ್ಗೆ ಏಳೂ ಇಪ್ಪತ್ತರಿಂದ,” ಎಂದಳು.

ಹಜಾರದಲ್ಲಿ ಯಾರೋ ಸೀನಿದಂತೆ ನಕ್ಕರು. ಪರಿಶೀಲಕರು ನಗಲಿಲ್ಲ. ಒಂದು ನೀಲಿ ಸ್ಟೂಲನ್ನು ಎತ್ತಿ ತಿರುಗಿಸಿದರು. ಅಡಿಯಲ್ಲಿ ಬಿಳಿಯ ಬಣ್ಣದಲ್ಲಿ ‘ಕ್ಯಾಂಟೀನ್, ೭’ ಎಂದಿತ್ತು. ಮೇಲೆ ಚಹಾ ಲೋಟದ ಗುಂಡನೆಯ ಕಲೆಗಳು. ಅವರು ಅದನ್ನು ಸದ್ದಾಗದಂತೆ ಕೆಳಗಿಟ್ಟರು.

“ಇನ್ನು ಹತ್ತಿಗೂ ಹೀಗೇ ನಂಬರಿದೆಯಾ?”

“ಇಲ್ಲ ಸರ್,” ಎಂದ ಸೊನ್ನೆಪ್ಪ. “ಹನ್ನೊಂದನೆಯದಕ್ಕೆ ಅಳಿಸಿಹೋಗಿದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೇಳಿದ್ದೇವೆ. ಸೊನ್ನೆಪ್ಪ ಇಡೀ ಕುಂಬಳದ ಬಳ್ಳಿಯನ್ನೇ ಕೊರಳಿಗೆ ಸುತ್ತಿಕೊಂಡು ನಿಂತಿದ್ದ.

ಸ್ಟೂಲು ಕೆಳಗಿಡಲು ಬಗ್ಗಿದ್ದ ಪರಿಶೀಲಕರು ಇನ್ನೂ ಬಗ್ಗಿಯೇ ಇದ್ದರು. ಅವರ ಕಣ್ಣು ಹಿಂದಿನ ಯಂತ್ರಗಳ ಕೆಳಗೆ ಹೋಗಿತ್ತು. ಅಲ್ಲಿ ಹಳೆಯ ಮರದ ಸ್ಟೂಲುಗಳೇ ಇದ್ದವು, ಹೆಂಗಸರು ಅವುಗಳ ಮೇಲೆ ಕೂತು ಹೊಲಿಯುತ್ತಿದ್ದರು. ಒಂದೊಂದರ ಹಿಂದಿನ ಎರಡು ಕಾಲಿನ ಕೆಳಗೂ ಒಂದೊಂದು ಮರದ ತುಂಡು.

“ಅದೇನು?”

“ಅದಾ? ಮರದ ತುಂಡು,” ಎಂದಳು ಅತ್ತಿಗೆ. ಈ ಪ್ರಶ್ನೆಗೆ ಉತ್ತರ ಗೊತ್ತಿದ್ದುದರಿಂದ ಅವಳ ದನಿ ಏರಿತು. “ಹಿಂದಿನ ಕಾಲು ಎರಡು ಬೆರಳು ಎತ್ತರ ಆದ್ರೆ ಸೊಂಟ ಮುಂದಕ್ಕೆ ಬರತ್ತೆ, ಗೂನು ಬೀಳಲ್ಲ. ನಂದೂ ಇದೆ, ನಮ್ಮ ಮೈದುನ ಗೋಡೆಗೆ ಸರಿಸಿದ್ದಾನೆ.”

“ಅದರಿಂದ ಬೆನ್ನು ವಾಸಿಯಾಯ್ತಾ?”

“ವಾಸಿ ಅಂತೇನಿಲ್ಲ. ಮೊದಲು ತಿಂಗಳಿಗೆ ಮೂರು ದಿನ ಮಲಗಿಬಿಡ್ತಿದ್ದೆ. ಈಗ ಒಂದು ದಿನ. ಕೆಲವು ತಿಂಗಳು ಅದೂ ಇಲ್ಲ.”

“ಮಲಗಿದ ದಿನ ಕೂಲಿ?”

“ಮಲಗಿದವರಿಗೆ ಯಾರು ಕೊಡ್ತಾರೆ ಸರ್?”

“ಹಾಗಾದ್ರೆ ಎರಡು ದಿನದ ಕೂಲಿ ಉಳೀತು. ಅದರಿಂದ ಏನು ಮಾಡಿದ್ರಿ?”

ಅತ್ತಿಗೆಗೆ ಪ್ರಶ್ನೆ ವಿಚಿತ್ರವೆನಿಸಿತು. “ತಿಂದ್ವಿ,” ಎಂದಳು.

ಪರಿಶೀಲಕರು ಅದನ್ನು ಹಾಗೆಯೇ ಬರೆದುಕೊಂಡರು. ಆಮೇಲೆ ಸಾಲಿನ ಉದ್ದಕ್ಕೂ ನಡೆದು ಕೇಳಿದರು. ಒಬ್ಬಳು ತನಗೆ ಬೆನ್ನು ಸರಿಯಾಯಿತು, ಮಣಿಕಟ್ಟು ಶುರುವಾಯಿತು ಎಂದಳು. ಇನ್ನೊಬ್ಬಳು ತುಂಡಿನಿಂದ ತನಗೇನೂ ಆಗಲಿಲ್ಲ, ಎಲ್ಲರೂ ಇಟ್ಟುಕೊಂಡರೆಂದು ಇಟ್ಟುಕೊಂಡೆ ಎಂದಳು. ಮತ್ತೊಬ್ಬಳು ಮಗಳಿಗೆ ಶಾಲೆ ಬಿಡಿಸುವ ಮಾತು ಆ ವರ್ಷ ಎದ್ದಿತ್ತು, ಆಮೇಲೆ ಏಳಲಿಲ್ಲ ಎಂದಳು. ತುಂಡಿಗೂ ಅದಕ್ಕೂ ಸಂಬಂಧವಿದೆಯೇ ಎಂದು ಕೇಳಿದಾಗ, “ಇರಬಹುದು, ನಾನು ಯೋಚನೆ ಮಾಡಿಲ್ಲ,” ಎಂದಳು. ಸೊನ್ನೆಪ್ಪ ಹಿಂದೆಯೇ ನಡೆಯುತ್ತಿದ್ದ. ಇಂಥ ವಾಕ್ಯಗಳನ್ನು ಅವನು ಎಂದೂ ವರದಿಯಲ್ಲಿ ಬರೆದಿರಲಿಲ್ಲ.

“ಇದನ್ನ ನಿಮಗೆ ಹೇಳಿಕೊಟ್ಟವರು ಯಾರು?” ಎಂದು ಕೇಳಿದರು ಪರಿಶೀಲಕರು.

ಎಲ್ಲರೂ ಕಾಜಾ ಅಜ್ಜಿಯ ಕಡೆ ಕೈ ತೋರಿಸಿದರು. ಅಜ್ಜಿ ಕನ್ನಡಕ ಹಣೆಗೇರಿಸಿದಳು.

“ನಾನು ಮೊದಲು ಆ ಕಡೆ ಬೀದೀಲಿ ಚೀಲ ಹೊಲೀತಿದ್ದೆ. ಅಲ್ಲಿಗೆ ಒಬ್ಬಳು ಹೆಂಗಸು ಬರೋಳು, ಕೋಲು ಹಿಡ್ಕೊಂಡು. ನಾವೆಲ್ಲ ಕೋಲಮ್ಮ ಅಂತಿದ್ವಿ. ಮೊಣಕಾಲಿಂದ ಮೊಣಕೈಗೆ ಅಳೆಯೋಳು. ಸ್ಟೂಲಿನ ಕೆಳಗೆ ಒಂದು ವಾರ ಒಂದು ಬೆರಳಿನ ತುಂಡು, ಇನ್ನೊಂದು ವಾರ ಮೂರು ಬೆರಳಿನದು. ಸಂಜೆ ಒಂದು ಗೊಂಬೆ ಚಿತ್ರ ಕೊಟ್ಟು, ಎಲ್ಲಿ ನೋವು ಅಲ್ಲಿ ಗುರುತು ಹಾಕಿ ಅನ್ನೋಳು. ನಾನು ಒಂದು ದಿನ ಗೊಂಬೆಗೆ ಮೈ ಪೂರ್ತಿ ಗುರುತು ಹಾಕಿ, ಗಂಡ ಅಂತ ಬರೆದೆ. ಪಾಪ, ನಗಲಿಲ್ಲ ಅವಳು, ಬರ್ಕೊಂಡಳು.”

“ಆಮೇಲೆ?”

“ಆಮೇಲೆ ಕೆಲಸ ಮುಗೀತು, ತುಂಡು ವಾಪಸ್ ಕೊಡಿ ಅಂದಳು. ನಾವು ಕೊಡಲಿಲ್ಲ. ಮೂರು ಸಲ ಕೇಳಿದಳು. ಆಮೇಲೆ ಸುಮ್ಮನಾದಳು. ಈ ಕೆಲಸಕ್ಕೆ ಬರೋವಾಗ ನನ್ನ ಎರಡು ತುಂಡು ಊಟದ ಚೀಲದಲ್ಲಿ ಹಾಕ್ಕೊಂಡು ಬಂದೆ. ಇವರು ನೋಡಿ ನಕ್ಕರು. ಒಂದು ತಿಂಗಳಾದ ಮೇಲೆ ಒಬ್ಬೊಬ್ಬರೇ ಬಡಗಿ ಹತ್ತಿರ ಹೋದರು.”

“ಕೋಲಮ್ಮನ ನಿಜವಾದ ಹೆಸರು?”

“ಹೇಳಿದ್ದಳು. ಮರೆತೆ. ಒಂಬತ್ತು ವರ್ಷ ಆಯ್ತಲ್ಲ.”

ಪರಿಶೀಲಕರು ಹಜಾರದ ನಡುವೆ ಇದ್ದ ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಹೋಗಿ, ಚೀಲದಿಂದ ವರದಿಯನ್ನು ತೆಗೆದು ಹರಡಿದರು. ಒಂದೊಂದೇ ಪುಟ ತಿರುವಿದರು. ಆಮೇಲೆ ಸೊನ್ನೆಪ್ಪನನ್ನು ಕರೆದರು.

“ನಾನು ಹುಡುಕ್ತಾ ಇರೋದು ಈ ತುಂಡನ್ನ. ನಿಮ್ಮ ವರದಿಯಲ್ಲಿ ಇಲ್ಲ.”

“ಇದೆ ಸರ್. ಮೂವತ್ತೆಂಟು ಲಕ್ಷದೊಳಗೆ ಸೇರಿಕೊಂಡಿದೆ.”

“ಯಾವ ಪುಟ?”

ಸೊನ್ನೆಪ್ಪ ಪುಟಗಳನ್ನು ಹಿಂದಿನಿಂದ ಮುಂದಕ್ಕೆ ತಿರುವತೊಡಗಿದ.

“ನೋಡಿ,” ಎಂದರು ಪರಿಶೀಲಕರು, ಅದೇ ಸಣ್ಣ ದನಿಯಲ್ಲಿ. “ಕೋಲು ಹಿಡಿದು ಬಂದಾಕೆ ನಿಮ್ಮ ಸಂಸ್ಥೆಯವರೇ ಇರಬಹುದು, ಬೇರೆ ಯಾರೋ ಇರಬಹುದು. ಒಂಬತ್ತು ವರ್ಷದಲ್ಲಿ ನಿಮ್ಮ ಪ್ರಯೋಗಾಲಯ ಇದನ್ನ ಒಂದು ಸಾಲೂ ಬರೆದಿಲ್ಲ ಅಂದ್ರೆ, ಅವರಿಗೆ ಗೊತ್ತಿಲ್ಲ ಅಂತಲೇ ನಾನು ತಿಳೀಬೇಕು. ಇದು ಈ ತಾಯಂದಿರ ಬುದ್ಧಿ. ಒಳ್ಳೇ ಬುದ್ಧಿ. ಆದರೆ ಪ್ರಯೋಗಾಲಯದ ಹೆಸರಿಗೆ ನಾನು ಬರೆಯೋಕಾಗಲ್ಲ. ಅವರ ಹೆಸರಿಗೆ ಉಳಿಯೋದು ಕ್ಯಾಂಟೀನಿನ ಹನ್ನೊಂದು ಸ್ಟೂಲು.”

ಅವರು ಪುಸ್ತಕ ಮುಚ್ಚಿ ಪೆನ್ನಿಗೆ ಮುಚ್ಚಳ ಹಾಕಿದರು.

ಯಂತ್ರಗಳು ಓಡುತ್ತಿದ್ದವು. ಸೊನ್ನೆಪ್ಪನಿಗೆ ಲೆಕ್ಕ ಬೇಗ ಬರುತ್ತಿತ್ತು, ಈಗಲೂ ಬಂತು. ಬಾಯಿ ಮುಚ್ಚಿಕೊಂಡರೆ ತಪ್ಪು ಅಂದಾಜಿನದು, ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯುತ್ತದೆ. ಹೋಗುವುದು ಪಡಸಾಲೆಯ ಕೊನೆಯ ಎರಡು ಕೋಣೆ. ಬಾಯಿ ಬಿಟ್ಟರೆ ಆ ಕೋಣೆಗಳು ಉಳಿಯಬಹುದು; ವಿಜ್ಞಾನಿ ಬರೆದುಕೊಟ್ಟ ಪುಟವನ್ನು ಎತ್ತಿಟ್ಟವನು ವರದಿಯ ಮೇಜಿನಲ್ಲಿ ಉಳಿಯುವುದಿಲ್ಲ. ಈ ಲೆಕ್ಕದಲ್ಲಿ ಎಲ್ಲೂ ಸೊನ್ನೆ ಸೇರಿಸಲು ಜಾಗವಿರಲಿಲ್ಲ.

ಅತ್ತಿಗೆ ಕಾಲರು ಕೈಯಲ್ಲಿ ಹಿಡಿದೇ ಅವನನ್ನು ನೋಡುತ್ತಿದ್ದಳು. “ಏನೋ ನುಂಗ್ತಾ ಇದ್ದೀಯ,” ಎಂದಳು. “ಉಗುಳು.”

“ಬರೆದಿದ್ರು, ಸರ್,” ಎಂದ ಸೊನ್ನೆಪ್ಪ.

ಪರಿಶೀಲಕರು ತಲೆಯೆತ್ತಿದರು.

“ಡಾಕ್ಟರಮ್ಮ ಬರೆದಿದ್ರು. ಕೋಲಮ್ಮ ಅವರೇ. ಎರಡು ಬೆರಳು, ಮರದ ತುಂಡು, ವಾಪಸ್ ಕೊಡಲಿಲ್ಲ ಅನ್ನೋದು, ಎಲ್ಲಾ ಇತ್ತು. ಮೂರನೇ ಪುಟ. ನಾನು ತೆಗೆದಿಟ್ಟೆ.”

“ಯಾಕೆ?”

“ಎಷ್ಟು ಜನ ಅಂತ ಇರಲಿಲ್ಲ. ಗೊತ್ತಿಲ್ಲ ಅಂತಿತ್ತು.”

“ಅವರಿಗೆ ಗೊತ್ತಾ, ನೀವು ತೆಗೆದದ್ದು?”

“ಇಲ್ಲ. ಕೇಳಿದ್ರು. ಹಾಕಿದ್ದೀನಿ ಅಂದೆ.”

“ಪುಟ ಎಲ್ಲಿದೆ?”

“ನನ್ನ ಡ್ರಾಯರಿನಲ್ಲಿ.”

ಪರಿಶೀಲಕರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. “ಪುಟದಲ್ಲಿ ನೀವು ಹೇಳಿದ್ದೇ ಇದ್ದರೆ, ಆ ಎರಡು ಕೋಣೆ ಮುಚ್ಚೋದಕ್ಕೆ ನಾನು ಸಹಿ ಹಾಕಲ್ಲ. ಎಣಿಸೋಕೆ ಹಣ ಕೊಡಿ ಅಂತಲೂ ಬರೀತೀನಿ. ನಿಮ್ಮ ಕೆಲಸದ ಮಾತು ಬೇರೆ. ಅದನ್ನ ನಿರ್ದೇಶಕರ ಹತ್ತಿರ ಆಡ್ತೀನಿ.” ಪುಸ್ತಕದಿಂದ ಒಂದು ಹಾಳೆ ಹರಿದು ಮೇಜಿನ ಮೇಲಿಟ್ಟರು. “ಈಗ ಹೇಳಿದ್ದನ್ನ ಬರೆದುಕೊಡಿ. ನಿಮ್ಮ ಕಣ್ಣಿಗೆ ಕಂಡದ್ದೆಷ್ಟು ಅನ್ನೋದನ್ನೂ ಬರೀರಿ. ಅದಕ್ಕಿಂತ ಒಂದೂ ಹೆಚ್ಚು ಬೇಡ.”

ಸೊನ್ನೆಪ್ಪ ಎರಡು ಸಾಲಿನ ನಡುವೆ ನಡೆದು, ಒಂದೊಂದು ಸ್ಟೂಲಿನ ಹತ್ತಿರವೂ ಬಗ್ಗಿ ನೋಡಿ, ಗೋಡೆಗೆ ಸರಿಸಿದ್ದವನ್ನೂ ನೋಡಿ ಬಂದ. ಹೆಂಗಸರು ಕಾಲು ಎತ್ತಿ ದಾರಿ ಬಿಟ್ಟರು. ಕಾಜಾ ಅಜ್ಜಿ ಅವನನ್ನು ಎರಡು ಸಲ ಬಗ್ಗಿಸಿದಳು, ಸರಿಯಾಗಿ ನೋಡಲಿಲ್ಲವೆಂದು. ಅವನ ಬೆನ್ನು ಹಿಡಿದುಕೊಂಡಿತು.

ಬರೆಯಲು ಬಹಳ ಹೊತ್ತು ಹಿಡಿಯಿತು. ಸೊನ್ನೆಪ್ಪ ಬರೆದದ್ದು ಇಷ್ಟು:

‘ಮೂವತ್ತೆಂಟು ಲಕ್ಷ ಎಂಬ ಅಂಕಿ ನಾನು ಕಟ್ಟಿದ್ದು. ನೀಲಿ ಸ್ಟೂಲಿನಿಂದ ಯಾರ ಬೆನ್ನು ವಾಸಿಯಾದದ್ದನ್ನೂ ನಾನು ನೋಡಿಲ್ಲ. ಸ್ಟೂಲುಗಳನ್ನು ಇಂದು ಬೆಳಗ್ಗೆ ಇಲ್ಲಿಗೆ ತಂದವನು ನಾನು. ಮೂರನೆಯ ಪುಟ ತೆಗೆದವನೂ ನಾನು, ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಈ ಹಜಾರದಲ್ಲಿ ಇಪ್ಪತ್ತಾರು ಹಳೆಯ ಸ್ಟೂಲುಗಳಲ್ಲಿ ಇಪ್ಪತ್ತೆರಡಕ್ಕೆ ಮರದ ತುಂಡು ಇದೆ. ಬೇರೆ ಕಡೆ ಎಷ್ಟಿವೆಯೋ ನನಗೆ ಗೊತ್ತಿಲ್ಲ.’

ಅತ್ತಿಗೆ ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು.

“ನನ್ನ ಬಾಯಲ್ಲಿ ಹೇಳಿಸಿದ್ದೀಯಲ್ಲ, ಹದಿನೆಂಟು ವರ್ಷದ್ದು,” ಎಂದಳು. “ಅದು?”

ಅವನು ಪೆನ್ನು ಮತ್ತೆ ತೆಗೆದ. ‘ನಮೂನೆಯಲ್ಲಿರುವ ಮಾತು ನನ್ನ ಅತ್ತಿಗೆಯದಲ್ಲ, ನನ್ನದು,’ ಎಂದು ಬರೆದು, ಕೆಳಗೆ ಸಹಿ ಹಾಕಿದ.